ಟ್ಯಾಪೆಟ್ ಹೊಂದಾಣಿಕೆ

ಟ್ಯಾಪೆಟ್ ಹೊಂದಾಣಿಕೆ ಎಂದರೆ ಎಂಜಿನ್ನಿನ ಕವಾಟದ ತುದಿಗೂ ಅದನ್ನು ಒತ್ತಿ ತೆರೆಯುವ ರಾಕರ್ ಆರ್ಮ್‌ಗೂ ನಡುವೆ ಇರಬೇಕಾದ ಕಿರಿದಾದ ಅಂತರವನ್ನು ಅಳೆದು ಸರಿಪಡಿಸುವ ಕೆಲಸ. ಗ್ಯಾರೇಜುಗಳಲ್ಲಿ ಇದಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಎಂಬ ಹೆಸರಿದೆ. ಎಂಜಿನ್ನನ್ನು ಕಾರಿನಿಂದ ಇಳಿಸದೆ ಕೆಲವೇ ಸಾಧನಗಳಿಂದ ಮಾಡಬಹುದಾದ್ದರಿಂದ, ಹಳೆಯ ಕಾರುಗಳನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವ ಹವ್ಯಾಸಿಗಳಿಗೆ ಇದು ಒಳ್ಳೆಯ ಆರಂಭ. ಇಲ್ಲಿನ ವಿವರಣೆಯು ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಸಂಬಂಧಿಸಿದೆ. ಮೋರಿಸ್ ಆಕ್ಸ್‌ಫರ್ಡ್ ಆಧಾರಿತವಾದ ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ನಂತರದ ಮಾದರಿಗಳಲ್ಲಿ ಇಸುಜು ಎಂಜಿನ್ ಇತ್ತು.

ಅಂತರದ ಅಗತ್ಯ

ಎಂಜಿನ್ ಕಾದಾಗ ಕವಾಟವು ಉದ್ದವಾಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಅದು ತನ್ನ ಪೀಠದ ಮೇಲೆ ಪೂರ್ಣವಾಗಿ ಕೂರುವುದಿಲ್ಲ. ಹೊಗೆ ಹೊರಹೋಗುವ ಕವಾಟದ ವಿಷಯದಲ್ಲಿ ಇದು ಅಪಾಯಕಾರಿ. ಅದರ ಶಾಖದ ಬಹುಪಾಲು ಪೀಠದ ಮೂಲಕವೇ ಹರಿದುಹೋಗಬೇಕು. ಸಂಪರ್ಕ ತಪ್ಪಿದರೆ ಕವಾಟದ ಅಂಚು ಸುಟ್ಟು, ಆ ಸಿಲಿಂಡರಿನ ಸಂಪೀಡನ ಕುಸಿಯುತ್ತದೆ. ಆಗ ಸಿಲಿಂಡರ್ ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಅಂತರ ಹೆಚ್ಚಾದರೆ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ, ಕವಾಟವು ಕಡಿಮೆ ತೆರೆಯುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಆದುದರಿಂದ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಹೆಚ್ಚು ಹಾನಿಕರ. ಸದ್ದಡಗಿಸುವುದಕ್ಕೆಂದೇ ಬಿಗಿ ಮಾಡುವುದು ಸರಿಯಲ್ಲ.

ಒಂಬತ್ತರ ನಿಯಮ

ಅಳೆಯುವಾಗ ಆ ಕವಾಟ ಪೂರ್ಣವಾಗಿ ಮುಚ್ಚಿರಬೇಕು. ಇದನ್ನು ತಿಳಿಯಲು ನಾಲ್ಕು ಸಿಲಿಂಡರಿನ ಈ ಎಂಜಿನ್ನಿನಲ್ಲಿ ಸುಲಭ ಉಪಾಯವೊಂದಿದೆ. ರೇಡಿಯೇಟರಿನ ಕಡೆಯಿಂದ ಎಂಟು ಕವಾಟಗಳಿಗೆ 1ರಿಂದ 8ರವರೆಗೆ ಸಂಖ್ಯೆ ಕೊಡಬೇಕು. 8ನೆಯದು ಪೂರ್ತಿ ತೆರೆದಿರುವಾಗ 1ನೆಯದನ್ನು, 6 ತೆರೆದಿರುವಾಗ 3ನ್ನು, 4 ತೆರೆದಿರುವಾಗ 5ನ್ನು, 7 ತೆರೆದಿರುವಾಗ 2ನ್ನು ಸರಿಪಡಿಸಬೇಕು. ಬಳಿಕ ಇದೇ ಜೋಡಿಗಳು ತಿರುವುಮುರುವು. ಪ್ರತಿ ಜೋಡಿಯ ಮೊತ್ತ ಒಂಬತ್ತು.

ಇದು ಕಾಕತಾಳೀಯವಲ್ಲ. ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್‌ಗಳು ಜೊತೆಯಾಗಿ ಏರಿಳಿಯುತ್ತವೆ. ನಾಲ್ಕನೆಯ ಸಿಲಿಂಡರ್ ಹೊಗೆಯನ್ನು ಹೊರದೂಡುವಾಗ ಒಂದನೆಯದು ಸಂಪೀಡನದಲ್ಲಿರುತ್ತದೆ, ಅಂದರೆ ಅದರ ಕವಾಟಗಳು ಮುಚ್ಚಿರುತ್ತವೆ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಸಂಬಂಧವೂ ಇಂಥದೇ. ಕವಾಟಗಳ ಸಾಲು ಎರಡೂ ತುದಿಗಳಿಂದ ಒಂದೇ ಕ್ರಮದಲ್ಲಿರುವುದರಿಂದ ಲೆಕ್ಕ ಕೂಡಿಬರುತ್ತದೆ.

ವಿಧಾನ

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಕೆಲಸ ತೊಡಗಬೇಕು. ಕೈಪಿಡಿಯು ಬಿಸಿ ಎಂಜಿನ್ನಿನ ಅಳತೆ ಕೊಟ್ಟಿದ್ದರೆ ಮಾತ್ರ ಬಿಸಿಯಾಗಿರುವಾಗ ಅಳೆಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರೆ ಎಂಜಿನ್ ಹಗುರಾಗಿ ತಿರುಗುತ್ತದೆ. ಟಾಪ್ ಗೇರಿನಲ್ಲಿಟ್ಟು ಕಾರನ್ನು ಮೆಲ್ಲಗೆ ತಳ್ಳಿಯೂ ತಿರುಗಿಸಬಹುದು.

ರಾಕರ್ ಕವರ್ ತೆಗೆದ ನಂತರ ಸ್ಪ್ಯಾನರಿನಿಂದ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಡ್ರೈವರಿನಿಂದ ಸ್ಕ್ರೂ ತಿರುಗಿಸಿ ಅಂತರ ಹೊಂದಿಸಲಾಗುತ್ತದೆ. ಈ ಎಂಜಿನ್ ವರ್ಗಕ್ಕೆ ಸಾಮಾನ್ಯವಾಗಿ ಹೇಳುವ ಅಳತೆ 0.015 ಅಂಗುಲ, ಅಂದರೆ ಸುಮಾರು 0.38 ಮಿ.ಮೀ.; ಆದರೂ ಆಯಾ ಮಾದರಿಯ ಕೈಪಿಡಿಯೇ ಪ್ರಮಾಣ. ಫೀಲರ್ ಗೇಜಿನ ತಗಡು ಸ್ವಲ್ಪವೇ ತಡೆಯುತ್ತ ಜಾರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕೂಡ ತುಸು ತಿರುಗುವುದರಿಂದ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯುವುದು ಅನಿವಾರ್ಯ. ಹೊಸಬರು ಬಿಟ್ಟುಬಿಡುವ ಹಂತ ಇದೇ.

ಅಳತೆ ಸರಿಯಿದ್ದರೂ ಸದ್ದು ಉಳಿದರೆ ರಾಕರಿನ ಮುಖವನ್ನು ನೋಡಬೇಕು. ಸವೆದು ಕುಳಿಬಿದ್ದಿದ್ದರೆ ಚಪ್ಪಟೆಯಾದ ತಗಡು ಕುಳಿಯ ಆಳವನ್ನು ಮುಟ್ಟುವುದಿಲ್ಲ. ನಿಜವಾದ ಅಂತರ ತೋರಿದ್ದಕ್ಕಿಂತ ಹೆಚ್ಚಿರುತ್ತದೆ. ಇದಕ್ಕೆ ಭಾಗವನ್ನು ಬದಲಿಸುವುದೇ ಪರಿಹಾರ. ಕವರ್ ಮುಚ್ಚುವಾಗ ಹಳೆಯ ಗ್ಯಾಸ್ಕೆಟ್ ಒಡೆದಿದ್ದರೆ ಹೊಸದನ್ನು ಹಾಕಬೇಕು. ಅತಿಯಾಗಿ ಬಿಗಿದರೆ ಗ್ಯಾಸ್ಕೆಟ್ ಹಿಚುಕಿ ಎಣ್ಣೆ ಸೋರುತ್ತದೆ.

ಇತರ ಎಂಜಿನ್‌ಗಳು

ಮೂರು ಸಿಲಿಂಡರಿನ, 796 ಸಿಸಿಯ ಮಾರುತಿ 800 ಕಾರಿಗೆ ಒಂಬತ್ತರ ನಿಯಮ ಅನ್ವಯಿಸದು. ಹೈಡ್ರಾಲಿಕ್ ಟ್ಯಾಪೆಟ್ಟುಗಳಿರುವ ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡವೇ ಅಂತರವನ್ನು ತುಂಬುವುದರಿಂದ ಈ ನಿಯತ ಹೊಂದಾಣಿಕೆ ಬೇಕಾಗುವುದಿಲ್ಲ.