ಔಷಧಿ ಚೀಟಿ ಕೈ ದಾಟುವಾಗ: ಕೇಳಿ ತಿಳಿದುಕೊಳ್ಳುವುದು ಅವಿಧೇಯತೆಯಲ್ಲ

ವೈದ್ಯರು ಬರೆದದ್ದು ಒಂದು, ಅಂಗಡಿಯಲ್ಲಿ ಸಿಕ್ಕಿದ್ದು ಇನ್ನೊಂದು, ಮನೆಯಲ್ಲಿ ಸೇವಿಸಿದ ರೀತಿ ಮತ್ತೊಂದು. ಇಂತಹ ಅಚಾತುರ್ಯಗಳು ಯಾವ ಊರಿನಲ್ಲಾದರೂ ನಡೆಯಬಹುದು. ಎಷ್ಟೋ ಸಲ ಅವು ಯಾರ ಗಮನಕ್ಕೂ ಬರುವುದಿಲ್ಲ. ಕಾಯಿಲೆಯೇ ಉಲ್ಬಣಿಸಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಭಾಗವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವರಿಸಲು ಬಯಸುತ್ತೇವೆ. ಕರಾವಳಿಯ ನಮ್ಮ ಓದುಗರಿಗೂ ಈ ಪರಿಸ್ಥಿತಿ ಹೊಸದೇನಲ್ಲ.

ಮದ್ದೂರು ಮತ್ತು ಮಳವಳ್ಳಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ. ಆದರೆ ತಜ್ಞ ವೈದ್ಯರನ್ನು ಕಾಣಲು ಜನರು ಜಿಲ್ಲಾ ಕೇಂದ್ರವಾದ ಮಂಡ್ಯಕ್ಕೆ, ಅಲ್ಲಿಂದಾಚೆ ಮೈಸೂರಿಗೆ ಅಥವಾ ಬೆಂಗಳೂರಿಗೆ ಹೋಗುತ್ತಾರೆ. 2006ರಲ್ಲಿ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಈ ಜಿಲ್ಲೆಯ ಬಡವರಿಗೆ ದೊಡ್ಡ ಆಸರೆ. ಮೊದಲ ಬಾರಿಯ ಔಷಧಿಯನ್ನು ಆಸ್ಪತ್ರೆಯ ಬಳಿಯೇ ಪಡೆದರೂ, ಅದು ಮುಗಿದ ಮೇಲೆ ಚೀಟಿ ಹಿಡಿದು ತಮ್ಮೂರಿನ ಮೆಡಿಕಲ್‌ಗೆ ಹೋಗುವುದೇ ವಾಡಿಕೆ. ಕ್ಲಿನಿಕ್ ಪಕ್ಕದ ಅಂಗಡಿಯವನಿಗೆ ಆ ವೈದ್ಯರ ಅಕ್ಷರ ಪರಿಚಿತ. ಸುಮಾರು 20 ಕಿ.ಮೀ. ದೂರದ ಮದ್ದೂರಿನ ಅಂಗಡಿಯವನಿಗೆ ಅದು ಅಪರಿಚಿತ. ಸಂದೇಹ ಬಂದರೂ ಎದ್ದು ಹೋಗಿ ಕೇಳುವಷ್ಟು ಹತ್ತಿರದಲ್ಲಿ ವೈದ್ಯರಿಲ್ಲ. ಊಹೆ ಆರಂಭವಾಗುವುದು ಅಲ್ಲಿಯೇ.

ತಪ್ಪು ನುಸುಳುವುದು ಎಲ್ಲಿ?

ಮೊದಲನೆಯದು ಹೆಸರು. ಕಾರ್ಬಿಮಜೋಲ್ ಥೈರಾಯ್ಡ್ ಕಾಯಿಲೆಗೆ, ಕಾರ್ಬಮಜೆಪಿನ್ ಮೂರ್ಛೆ ರೋಗಕ್ಕೆ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟ್ರೊನಿಡಜೋಲ್ ಸೋಂಕಿಗೆ. ಕೈಬರಹ ಅವಸರದ್ದಾದರೆ ಒಂದು ಮತ್ತೊಂದಾಗಿ ಕಾಣಿಸುತ್ತದೆ. ಕಂಪನಿಗಳು ಇಡುವ ಹೆಸರುಗಳಂತೂ ಇನ್ನೂ ಗೊಂದಲಮಯ. ಮಲೇರಿಯಾ ಔಷಧಿಗಳಾದ ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಹೆಸರುಗಳ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಔಷಧಿಗಳ ಹೆಸರಿನಲ್ಲಿ ಗೊಂದಲವಾದರೆ ಜೀವಕ್ಕೇ ಅಪಾಯವಿರುವುದರಿಂದ, ಇತರ ಸರಕುಗಳಿಗಿಂತ ಕಟ್ಟುನಿಟ್ಟಾದ ಅಳತೆಗೋಲು ಬೇಕೆಂದು 2001ರಲ್ಲಿ ನ್ಯಾಯಾಲಯ ಹೇಳಿತು.

ಎರಡನೆಯದು ಪ್ರಮಾಣ. 2.5 ಎಂದು ಬರೆದಾಗ ನಡುವಿನ ಚುಕ್ಕಿ ಮಾಸಿದರೆ ಅದು 25 ಆಗುತ್ತದೆ. ಹೆಸರು ಸರಿಯಿದ್ದರೂ ಹತ್ತು ಪಟ್ಟು ಔಷಧಿ ದೇಹ ಸೇರುತ್ತದೆ.

ಮೂರನೆಯದು ಸಮಯ. ಚೀಟಿಯಲ್ಲಿ ಓ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ದಿನಕ್ಕೆರಡು ಬಾರಿ, ಟಿ.ಡಿ.ಎಸ್. ಎಂದರೆ ಮೂರು ಬಾರಿ, ಎಚ್.ಎಸ್. ಎಂದರೆ ಮಲಗುವಾಗ. ಬಿ.ಡಿ. ಎಂದರೆ ಮಾತ್ರೆ ಬಿಡಿ ಎಂದಲ್ಲ! ನಗು ಬಂದರೂ ಇದು ಸಣ್ಣ ವಿಷಯವಲ್ಲ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ಪ್ರತಿದಿನ ಸೇವಿಸಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳ ಉತ್ಪತ್ತಿ ಕುಗ್ಗಿ, ಸಾವೂ ಸಂಭವಿಸಬಹುದು. ಜಗತ್ತಿನ ನಾನಾ ಕಡೆ ಈ ತಪ್ಪಿನಿಂದ ಜನರು ಪ್ರಾಣ ಕಳೆದುಕೊಂಡಿದ್ದಾರೆ.

ನಾಲ್ಕನೆಯದು ನಮ್ಮ ಮನೆ. ಹಳೆಯ ಬಿ.ಪಿ. ಮಾತ್ರೆ ಮುಗಿದಿರುವುದಿಲ್ಲ, ಹೊಸ ವೈದ್ಯರು ಅದೇ ಔಷಧಿಯನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿರುತ್ತಾರೆ. ಹಿರಿಯರು ಎರಡನ್ನೂ ನುಂಗುತ್ತಾರೆ. ನಾಲ್ಕು ಮಾತ್ರೆ ಸಾಕೆಂದು ಪಟ್ಟಿಯನ್ನು ಕತ್ತರಿಸಿ ತಂದರೆ ಹೆಸರೂ ಹೋಗುತ್ತದೆ, ಅವಧಿ ಮುಗಿಯುವ ದಿನಾಂಕವೂ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರ ನೀತಿಸಂಹಿತೆಗೆ 2016ರಲ್ಲಿ ತಿದ್ದುಪಡಿ ತರಲಾಯಿತು. ಓದಲು ಬರುವಂತಹ ಚೀಟಿ ರೋಗಿಯ ಮೂಲಭೂತ ಹಕ್ಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅಂಗಡಿಯ ಕೆಲಸದ ಹುಡುಗನಲ್ಲ. ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಯಾದರೆ, ಚೀಟಿಯಲ್ಲಿರುವುದು ಸಿಗದಿದ್ದಾಗ ಅಂಗಡಿಯವರು ತಾವಾಗಿ ಬೇರೊಂದನ್ನು ಕೊಡುವಂತಿಲ್ಲ. ಒಳಗಿನ ಔಷಧಿ ಒಂದೇ ಆಗಿದ್ದರೂ ವೈದ್ಯರನ್ನು ಕೇಳಬೇಕು.

ಸರಕಾರಿ ಆಸ್ಪತ್ರೆಗಳಲ್ಲಿ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಔಷಧಿಯ ಹೆಸರು ಯಾವ ಲಿಪಿಯಲ್ಲಿರಬೇಕು ಎಂಬುದು ಚರ್ಚೆಯ ವಿಷಯ. ಆದರೆ ಯಾವ ಕಾಯಿಲೆಗೆ, ಎಷ್ಟು, ಯಾವಾಗ ಎಂಬ ಮೂರು ಮಾತುಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕೈಯಲ್ಲಿರುವುದು

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಸಾವನ್ನಪ್ಪಿದಾಗ ಸರಕಾರ ಒಂದು ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಔಷಧಿಯ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಾಗ ಮನೆಯವರು ಮಾಡಬಹುದಾದದ್ದು ತೀರಾ ಕಡಿಮೆ. ಔಷಧಿ ಅದಲುಬದಲಾಗುವ ವಿಷಯ ಹಾಗಲ್ಲ. ಇಲ್ಲಿ ಕೊನೆಯ ತಪಾಸಣೆ ನಮ್ಮದೇ.

ವೈದ್ಯರ ಮುಂದೆ ಚೀಟಿಯನ್ನು ಓದಿಸಿ, ಪ್ರತಿ ಮಾತ್ರೆ ಯಾವುದಕ್ಕೆ ಎಂದು ಕೇಳಿ. ಅಂಗಡಿಯಲ್ಲಿ ಪಟ್ಟಿಯ ಮೇಲಿನ ಹೆಸರು ಮತ್ತು ಪ್ರಮಾಣವನ್ನು ಚೀಟಿಯೊಂದಿಗೆ ಹೋಲಿಸಿ. ಓದಲು ಬಾರದವರು "ಅಣ್ಣಾ, ಇದು ಯಾವ ಕಾಯಿಲೆಗೆ?" ಎಂದು ಕೇಳಿದರೂ ಸಾಕು. ಸಕ್ಕರೆ ಕಾಯಿಲೆ ಇಲ್ಲದವರಿಗೆ "ಶುಗರ್‌ಗೆ" ಎಂಬ ಉತ್ತರ ಬಂದರೆ ಅಲ್ಲಿಯೇ ತಪ್ಪು ಸಿಕ್ಕಿಬೀಳುತ್ತದೆ. ಮಾತ್ರೆಯ ಬಣ್ಣ, ಆಕಾರ ಬದಲಾದರೆ ನುಂಗುವ ಮೊದಲು ವಿಚಾರಿಸಿ. ಬಿಲ್ ಪಡೆಯಿರಿ, ಖಾಲಿ ಪಟ್ಟಿಯನ್ನೂ ಇಟ್ಟುಕೊಳ್ಳಿ.

ದೊಡ್ಡವರನ್ನು ಪ್ರಶ್ನಿಸಬಾರದು ಎಂಬ ಸಂಕೋಚ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಒಳ್ಳೆಯ ವೈದ್ಯರಿಗೂ ಒಳ್ಳೆಯ ಫಾರ್ಮಸಿಸ್ಟರಿಗೂ ಇಂತಹ ಪ್ರಶ್ನೆ ಅವಮಾನವಲ್ಲ, ಸಹಾಯ. ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ ಕನಿಷ್ಠ 44,000 ಜನರು ವೈದ್ಯಕೀಯ ತಪ್ಪುಗಳಿಂದ ಸಾಯುತ್ತಿದ್ದಾರೆ ಎಂದು ಅಂದಾಜಿಸಿದ 1999ರ ವರದಿಯೂ, ಬೈದು ಶಿಕ್ಷಿಸುವುದಕ್ಕಿಂತ ತಪ್ಪು ನುಸುಳದಂತಹ ವ್ಯವಸ್ಥೆ ಕಟ್ಟಬೇಕೆಂದೇ ಒತ್ತಿ ಹೇಳಿತು.

ಧರ್ಮಕೇಂದ್ರಗಳ ಕಾರ್ಯಕರ್ತರು ಇಲ್ಲಿ ಬಹಳಷ್ಟು ಮಾಡಬಹುದು. ವಾಳೆಯ ಗುರಿಕಾರರು, ಧರ್ಮಭಗಿನಿಯರು, ಯುವಜನರು ರೋಗಿಗಳನ್ನು ಭೇಟಿ ಮಾಡುವಾಗ ಎರಡು ನಿಮಿಷ ಔಷಧಿಯ ಡಬ್ಬಿಯನ್ನು ನೋಡಲಿ. ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಏನನ್ನೂ ತಾವಾಗಿ ನಿಲ್ಲಿಸುವುದು, ಬದಲಿಸುವುದು ಬೇಡ. ಸಂದೇಹವಿದ್ದರೆ ವೈದ್ಯರಿಗೆ ತಿಳಿಸಲಿ. ಆರೋಗ್ಯ ಶಿಬಿರಗಳಲ್ಲಿ ಬಿಡಿ ಮಾತ್ರೆ ಹಂಚದೆ, ಹೆಸರು, ಪ್ರಮಾಣ, ಸಮಯ ಬರೆದ ಲಕೋಟೆಯಲ್ಲಿ ಕೊಡಲಿ.

ತಪ್ಪಾಗಿ ಹೋದರೆ

ತಪ್ಪು ಔಷಧಿ ಸೇವಿಸಿದ್ದು ಗೊತ್ತಾದ ಕೂಡಲೇ ಪಟ್ಟಿ ಮತ್ತು ಚೀಟಿಯೊಂದಿಗೆ ಆಸ್ಪತ್ರೆಗೆ ಹೋಗಿ, ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಬೆವರು, ನಡುಕ ಬಂದರೆ, ಪ್ರಜ್ಞೆ ಇದ್ದು ನುಂಗಲು ಸಾಧ್ಯವಿದ್ದರೆ ಮಾತ್ರ ಸಕ್ಕರೆ ನೀರು ಕೊಡಿ. ಚೇತರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಆ ಮಾತ್ರೆಯ ಪ್ರಭಾವ ಬಹಳ ಹೊತ್ತು ಉಳಿದು ಸಕ್ಕರೆ ಮತ್ತೆ ಕುಸಿಯಬಹುದು.

ಔಷಧಿಯ ದುಷ್ಪರಿಣಾಮವನ್ನು ತಿಳಿಸಲು 1800 180 3024 ಎಂಬ ಉಚಿತ ಸಹಾಯವಾಣಿ ಇದೆ. ಅಂಗಡಿಯ ವಿರುದ್ಧದ ದೂರನ್ನು ಔಷಧ ಪರಿವೀಕ್ಷಕರಿಗೆ ಕೊಡಬಹುದು. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿದೆ. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಆಗ ಬೇಕಾಗುವುದು ಅದೇ ಬಿಲ್, ಅದೇ ಚೀಟಿ.

2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನಕ್ಕಾಗಿ ಕಾಯಬೇಕಿಲ್ಲ. ಇಂದು ಸಂಜೆಯೇ ನಿಮ್ಮ ಮನೆಯ ಹಿರಿಯರ ಮಾತ್ರೆಗಳನ್ನೂ ಚೀಟಿಯನ್ನೂ ಒಟ್ಟಿಗಿಟ್ಟು ಒಮ್ಮೆ ಓದಿ ನೋಡಿ.