ಮಾಳಿಗೆಯ ಮೇಲೊಂದು ಏರಿಯಲ್

ರೇಡಿಯೋ ಕೊಳ್ಳಲು ಹೋದವರು ಪೆಟ್ಟಿಗೆಯನ್ನು ಹತ್ತು ಸಲ ತಿರುಗಿಸಿ ನೋಡುತ್ತಾರೆ; ಅದಕ್ಕೆ ಸೇರಿಸಬೇಕಾದ ತಂತಿಯ ವಿಚಾರವನ್ನು ಕೇಳುವವರು ವಿರಳ. ವಾಲ್ವ್ ರೇಡಿಯೋಗಳ ಕಾಲದಲ್ಲಿ ಹೀಗಿರಲಿಲ್ಲ. ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿಯ ಪಟ್ಟಿಯೊಂದನ್ನು ಬಿಗಿದ ಮೇಲೆಯೇ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸುತ್ತಿದ್ದರು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಕೇವಲ 30 ವಾಟ್, ಎಂದರೆ ಆ ಕಾಲದ ಒಂದು ಮಂದವಾದ ಬಲ್ಬಿನಷ್ಟು. ಅಂಥ ಮೆಲುದನಿಯನ್ನು ಹಿಡಿಯಬೇಕಾದರೆ ಕೇಳುವವನ ತಂತಿ ಚುರುಕಾಗಿರಲೇಬೇಕು. ಅನಂತರ ಬಂದ ಟ್ರಾನ್ಸಿಸ್ಟರ್ ತನ್ನ ಏರಿಯಲ್ಲನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬಂತು. ನಾವೂ ಅದನ್ನು ಮರೆತೆವು.

ಈಗ ಸ್ಕ್ಯಾನರ್ ಎಂಬ ಪೆಟ್ಟಿಗೆಯ ಗೀಳು ನಮ್ಮ ಊರುಗಳ ಹುಡುಗರಿಗೂ ಹತ್ತಿದೆ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೂರಾರು ತರಂಗಗಳನ್ನು ತಾನೇ ತಡವುತ್ತ ಹೋಗಿ, ಮಾತು ಕೇಳಿಸಿದಲ್ಲಿ ನಿಲ್ಲುವ ರೇಡಿಯೋ ಅದು. ಅದನ್ನು ಮನೆಗೆ ತಂದು, ಅದರ ಜೊತೆಗೇ ಬಂದ ಗೇಣುದ್ದದ ಕಡ್ಡಿಯನ್ನು ಸಿಕ್ಕಿಸಿ, ಬರೀ ಸರಸರ ಸದ್ದನ್ನು ಕೇಳಿ ಬೇಸತ್ತು, ಇನ್ನೂ ಬೆಲೆಬಾಳುವ ಪೆಟ್ಟಿಗೆ ಬೇಕೆಂದು ತಂದೆಯವರನ್ನು ಪೀಡಿಸುವುದು ಸಾಮಾನ್ಯವಾಗಿದೆ. ಕೊರತೆ ಇರುವುದು ಪೆಟ್ಟಿಗೆಯಲ್ಲಲ್ಲ, ಮಾಳಿಗೆಯ ಮೇಲೆ.

ಮುಂದುವರಿಯುವ ಮುನ್ನ ಒಂದು ಮಾತು. ಪೊಲೀಸರು, ವಿಮಾನ ನಡೆಸುವವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಸಾರ್ವಜನಿಕರಿಗಾಗಿ ಆಡಿದ್ದಲ್ಲ. ಅದನ್ನು ಕದ್ದು ಕೇಳುವುದಕ್ಕೆ ಕಾನೂನು ಎಡೆಗೊಡುವುದಿಲ್ಲ. 1933ರ ನಿಸ್ತಂತು ಕಾಯಿದೆಯ ದಿನದಿಂದಲೂ ಇಂಥ ಉಪಕರಣಗಳಿಗೆ ಪರವಾನಗಿಯ ಕಟ್ಟುಪಾಡಿದೆ. ಸಾಧಾರಣ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಅದು 1980ರ ದಶಕದಲ್ಲಿ ರದ್ದಾಯಿತು. ಸ್ಕ್ಯಾನರಿನ ವಿಷಯವನ್ನು ವಿಚಾರಿಸಿಕೊಂಡೇ ಮುಂದಡಿಯಿಡಬೇಕು. ಧರ್ಮವಾಗಿ ಕೇಳುವುದಕ್ಕೂ ಬೇಕಾದಷ್ಟಿದೆ. ಹವ್ಯಾಸಿ ರೇಡಿಯೋ ಬಳಗದವರು 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಮಾತನಾಡುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಶಾಲಾ ಮಕ್ಕಳೊಡನೆ ಮಾತಾಡುವಾಗ ಅವರ ಧ್ವನಿ 145.8ರಲ್ಲಿ ಇಳಿದು ಬರುತ್ತದೆ. ಸರ್ಕಾರ ನಡೆಸುವ ಹವ್ಯಾಸಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಆದ್ದರಿಂದ ಈ ಪಟ್ಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಿಂದಿನ ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದದವು. ಆಗ ತಂತಿ ಉದ್ದವಾದಷ್ಟೂ ಒಳಿತು ಎಂಬ ಮಾತು ನಿಜವಾಗಿತ್ತು. ಸ್ಕ್ಯಾನರಿನ ಲೋಕದಲ್ಲಿ ಆ ಮಾತು ನಡೆಯದು. ಇಲ್ಲಿ ಬೇಕಾದದ್ದು ಉದ್ದವಲ್ಲ, ಅಳತೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. 145ಕ್ಕೆ ಅದು ಎರಡು ಮೀಟರಿಗೆ ತುಸು ಹೆಚ್ಚು. ಅದರಲ್ಲಿ ಅರ್ಧ ತೆಗೆದುಕೊಂಡು, ನೂರಕ್ಕೆ ಐದರಷ್ಟು ಕಡಿಮೆ ಮಾಡಿದರೆ 98 ಸೆಂಟಿಮೀಟರ್. ಇದನ್ನು ನಡುವೆ ಕತ್ತರಿಸಿ ತಲಾ 49 ಸೆಂಟಿಮೀಟರಿನ ಎರಡು ತೋಳುಗಳನ್ನಾಗಿ ಮಾಡಿದರೆ ಅದೇ ಡೈಪೋಲ್. ಈ ತೋಳುಗಳು ಮೂರು ಪಟ್ಟು ಆವೃತ್ತಿಗೂ, ಎಂದರೆ 435ರ ಸುತ್ತಲಿನ ಇನ್ನೊಂದು ಹವ್ಯಾಸಿ ಪಟ್ಟಿಗೂ ಒದಗಿಬರುತ್ತವೆ. ಒಂದೇ ಕೂಲಿಗೆ ಎರಡು ಕೆಲಸ! ಎಲ್ಲ ತರಂಗಗಳಿಗೂ ಒಗ್ಗುವ, ಕೊಡೆಯ ಕಡ್ಡಿಗಳಂತೆ ಹರಡಿದ ಡಿಸ್ಕೋನ್ ಎಂಬುದೊಂದು ಮಾರಾಟಕ್ಕಿದೆ; ಬೆಲೆ ಹೆಚ್ಚು, ಆರಂಭಿಸುವವರಿಗೆ ಅನಗತ್ಯ.

ಶಿಡ್ಲಘಟ್ಟದವರಿಗೆ ಈ ಸಂಗತಿಯನ್ನು ರೇಷ್ಮೆಯ ಮೂಲಕವೇ ಹೇಳಬಹುದು. ಆಂಟೆನಾ ಎಂಬ ಮಾತು ಕೀಟಗಳ ಮೀಸೆಗೂ ಸಲ್ಲುತ್ತದೆ. ಗಂಡು ಪತಂಗದ ಬಾಚಣಿಗೆಯಂಥ ಮೀಸೆಗಳು ಹೆಣ್ಣು ಪತಂಗ ಬಿಡುವ ವಾಸನೆಯ ಅತ್ಯಲ್ಪ ಅಂಶವನ್ನೂ ಬೇರೆ ವಾಸನೆಗಳ ನಡುವೆ ಆರಿಸಿ ಹಿಡಿಯುತ್ತವೆ. ಆ ವಾಸನೆಯ ವಸ್ತುವನ್ನು 1959ರಲ್ಲಿ ಜರ್ಮನಿಯ ಬುಟೆನಾಂಟ್ ಗುರುತಿಸಿದರು. ಒಂದಕ್ಕೆ ಒಗ್ಗುವಂತೆ ಅಳೆದು ಮಾಡಿದ್ದು ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಡೈಪೋಲ್ ಬಡವರ ಆಟಿಕೆಯೆಂದು ಮೂಗು ಮುರಿಯುವವರು ಗೌರಿಬಿದನೂರನ್ನು ನೆನೆಯಬೇಕು. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಕಟ್ಟಿದ, 1976ರಿಂದ ಕೆಲಸ ಮಾಡತೊಡಗಿದ ರೇಡಿಯೋ ದೂರದರ್ಶಕದಲ್ಲಿ ದೊಡ್ಡ ಬೋಗುಣಿಯೇನೂ ಇರಲಿಲ್ಲ. 34.5 ಮೆಗಾಹರ್ಟ್ಸ್‌ಗೆ ಅಳತೆಯಾದ ಒಂದು ಸಾವಿರ ಡೈಪೋಲುಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿದ್ದರು. ಪೂರ್ವ-ಪಶ್ಚಿಮದ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್. ಈ ತಂತಿಗಳಿಂದಲೇ ಆಕಾಶದ ಬಹುಭಾಗದ ನಕ್ಷೆ ಸಿದ್ಧವಾಗಿ, 1990ರಲ್ಲಿ ದ್ವಾರಕಾನಾಥ್ ಮತ್ತು ಉದಯಶಂಕರ್ ಅವರು ಅದನ್ನು ಪ್ರಕಟಿಸಿದರು. ನಕ್ಷತ್ರಮಂಡಲಗಳ ಪಿಸುಮಾತಿಗೆ ಸಾಕಾದ ಉಪಾಯ ನಮ್ಮ ಮಾಳಿಗೆಗೆ ಸಾಲದೆ?

ತೋಳುಗಳಿಗೆ ಬೇಕಾದ ಅಲ್ಯೂಮಿನಿಯಂ ಕೊಳವೆ ಗುಜರಿ ಅಂಗಡಿಯಲ್ಲಿ ಸಿಕ್ಕೀತು. ದೂರದರ್ಶನಕ್ಕಾಗಿ ಒಂದು ಕಾಲದಲ್ಲಿ ಮನೆಮನೆಯ ಮೇಲೆ ನಿಂತಿದ್ದ ಮೀನಿನ ಮುಳ್ಳಿನಂಥ ಆಂಟೆನಾಗಳು ಅಲ್ಲಿಗೇ ಹೋಗಿ ಸೇರಿವೆ. ಒಂದು ಪಿ.ವಿ.ಸಿ. ಪೈಪಿಗೆ ಎರಡು ತೋಳುಗಳನ್ನೂ ಒಂದರ ಮೇಲೊಂದು ನೆಟ್ಟಗೆ, ನಡುವೆ ಬೆರಳಗಲ ಬಿಟ್ಟು ಬಿಗಿಯಬೇಕು. ಕೇಬಲಿನ ನಡುದಂತಿ ಮೇಲಿನ ತೋಳಿಗೆ, ಸುತ್ತಲ ಜಾಲರಿ ಕೆಳಗಿನ ತೋಳಿಗೆ. ಕೇಬಲ್ ಅಲ್ಲಿಂದ ಅರ್ಧ ಮೀಟರಿನಷ್ಟು ಅಡ್ಡಕ್ಕೆ ಹೋಗಿ ಆಮೇಲೆ ಕೆಳಗಿಳಿಯಲಿ. ತೋಳಿಗೆ ಅಂಟಿಕೊಂಡೇ ಇಳಿದರೆ ಡೈಪೋಲ್ ಕೆಡುತ್ತದೆ.

ಇನ್ನು ಕೇಬಲ್. ಹಣ ಉಳಿಯುವುದೂ ಇಲ್ಲಿಯೇ, ಮೋಸವಾಗುವುದೂ ಇಲ್ಲಿಯೇ. ಏರಿಯಲ್ ಹಿಡಿದದ್ದನ್ನೆಲ್ಲ ಕೇಬಲ್ ಕೆಳಗೆ ತಲುಪಿಸುವುದಿಲ್ಲ. ಸೋರುವ ಕಾಲುವೆಯಂತೆ ದಾರಿಯಲ್ಲೇ ಕಳೆಯುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ, 30 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿ ನೋಡಿ. ಆರ್‌ಜಿ-174 ಎಂಬ ಸಪೂರ ಕೇಬಲಿನಲ್ಲಿ ಮೇಲೆ ಸಿಕ್ಕ ನೂರು ಪಾಲಿನಲ್ಲಿ ಕೆಳಗೆ ಬರುವುದು ಹತ್ತರ ಆಸುಪಾಸು. ರೇಡಿಯೋ ಅಂಗಡಿಯವರು ಸಾಮಾನ್ಯವಾಗಿ ಕೊಡುವ ಆರ್‌ಜಿ-58ರಲ್ಲಿ 25. ದಪ್ಪನೆಯ, ದುಬಾರಿಯಾದ ಎಲ್‌ಎಂಆರ್-400ರಲ್ಲಿ 70. ಇವುಗಳ ನಡುವೆ, ಡಿಶ್ ಟೆಲಿವಿಷನ್ನಿಗಾಗಿ ಚಿಂತಾಮಣಿಯ ಯಾವ ಬೀದಿಯಲ್ಲಾದರೂ ಮೀಟರಿನ ಲೆಕ್ಕದಲ್ಲಿ ಅಳೆದು ಕೊಡುವ ಆರ್‌ಜಿ-6ರಲ್ಲಿ 55 ಬರುತ್ತದೆ! 55ಕ್ಕೂ 70ಕ್ಕೂ ಇರುವ ಭೇದ ಕಿವಿಗೆ ತಿಳಿಯುವುದೇ ಕಷ್ಟ. ಜೇಬಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಆರ್‌ಜಿ-6 ಎಪ್ಪತ್ತೈದು ಓಮಿನದು, ಸ್ಕ್ಯಾನರು ಐವತ್ತರದು, ಇವೆರಡೂ ಹೊಂದವು ಎಂದು ತಿಳಿದವರು ತಡೆಯಬಹುದು. ಆ ಹೊಂದಾಣಿಕೆಯ ದೋಷದಿಂದ ಆಗುವ ನಷ್ಟ ನೂರಕ್ಕೆ ನಾಲ್ಕು. ಅತ್ತ ಡೈಪೋಲಿನ ಸ್ವಭಾವ 73 ಓಮಿನ ಸುತ್ತ; ಮೇಲಿನ ತುದಿಯಲ್ಲಿ ಜೋಡಿ ಚೆನ್ನಾಗಿಯೇ ಕೂಡುತ್ತದೆ. ನಡುದಂತಿ ತಾಮ್ರ ಲೇಪಿಸಿದ ಉಕ್ಕೆಂದು ಹಿಂಜರಿಯುವುದೂ ಬೇಡ. ಇಷ್ಟು ಹೆಚ್ಚಿನ ಆವೃತ್ತಿಯಲ್ಲಿ ವಿದ್ಯುತ್ತು ತಂತಿಯ ಮೈಮೇಲಷ್ಟೇ ಹರಿಯುತ್ತದೆ, ಒಳಗೇನಿದೆಯೆಂದು ಅದು ವಿಚಾರಿಸುವುದಿಲ್ಲ. ಜಾಲರಿ ಅಲ್ಯೂಮಿನಿಯಂ ಆದ್ದರಿಂದ ಬೆಸುಗೆ ಹಿಡಿಯದು, ತಿರುಪುಗಳಿಂದಲೇ ಬಿಗಿಯಬೇಕು. ಬೆಸುಗೆಯ ಕಡ್ಡಿ ಹಿಡಿದು ಗಂಟೆಗಟ್ಟಲೆ ಒದ್ದಾಡುವವರು ಇದನ್ನು ಗಮನಿಸುವುದು ಒಳ್ಳೆಯದು. ಪೆಟ್ಟಿಗೆಯ ಕಡೆಗೆ ಒಂದು ಚಿಕ್ಕ ಅಡಾಪ್ಟರ್ ಬೇಕಾಗುತ್ತದೆ.

ಎತ್ತರದ ವಿಷಯದಲ್ಲಿ ಜಿಪುಣತನ ಸಲ್ಲದು. ಈ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಹೋಗುತ್ತವೆ. ನೆಲ ಸಮವಾಗಿದ್ದರೆ 3 ಮೀಟರ್ ಎತ್ತರದ ಏರಿಯಲ್ಲಿಗೆ ಸುಮಾರು 7 ಕಿಲೋಮೀಟರ್ ದೂರದ ದಿಗಂತ, 12 ಮೀಟರಿಗೆ 14. ಎದುರಿನ ಗೋಪುರದ ಎತ್ತರವೂ ಇದಕ್ಕೆ ಕೂಡಿಕೊಳ್ಳುತ್ತದೆ. ಹತ್ತು ಅಡಿ ಮೇಲೇರಿಸುವುದಕ್ಕೆ ಹೆಚ್ಚಾಗುವ ಕೇಬಲಿನ ನಷ್ಟ ಇದರ ಮುಂದೆ ಲೆಕ್ಕಕ್ಕಿಲ್ಲ. ಆದರೆ ನಮ್ಮ ಸೀಮೆ ಸಮನೆಲವಲ್ಲ. ಚಿಕ್ಕಬಳ್ಳಾಪುರದವರು ಬೆಂಗಳೂರಿನ ಕಡೆಗೆ ಕಿವಿಗೊಟ್ಟರೆ ನಂದಿಯ ಬೆಟ್ಟಸಾಲು ಪಕ್ಕಕ್ಕೇ ನಿಂತಿದೆ, ಚಿಂತಾಮಣಿಯವರಿಗೆ ಅಂಬಾಜಿದುರ್ಗವಿದೆ. ಬೆಟ್ಟದ ಮರೆಯ ಮನೆಗೆ ಎಷ್ಟು ಹಣ ಸುರಿದರೂ ಕೆಲವು ದಿಕ್ಕುಗಳು ಮೂಕವಾಗಿಯೇ ಉಳಿಯುತ್ತವೆ. ಆಕಾಶದಿಂದ ನೇರವಾಗಿ ಇಳಿದು ಬರುವ ಬಾಹ್ಯಾಕಾಶ ನಿಲ್ದಾಣದ ದನಿಗೆ ಮಾತ್ರ ಈ ತೊಡಕು ಕಡಿಮೆ.

ಊರೊಳಗಿನ ಗದ್ದಲವೂ ಉಂಟು. ನೂಲು ಬಿಚ್ಚಾಣಿಕೆಯ ಮನೆಗಳ ಮೋಟಾರು, ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರು, ಎಲ್ಲವೂ ತರಂಗಗಳನ್ನು ಉಗುಳುತ್ತವೆ. ಏರಿಯಲ್ ಇವುಗಳಿಂದ ದೂರವಿದ್ದಷ್ಟೂ ಮಾತು ತಿಳಿಯಾಗುತ್ತದೆ. ವರ್ಧಕವನ್ನು ಪೆಟ್ಟಿಗೆಯ ಬಳಿ ಇಡುವುದು ವ್ಯರ್ಥ. ಅದು ಮಾತಿನೊಡನೆ ಗದ್ದಲವನ್ನೂ ಹೆಚ್ಚಿಸುತ್ತದೆ. ಇಡಲೇಬೇಕಾದರೆ ಕಂಬದ ತುದಿಯಲ್ಲಿ.

ಜೀವಕ್ಕೆ ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸುವಾಗ ಅದು ಬೀದಿಯ ವಿದ್ಯುತ್ ತಂತಿಯ ಮೇಲೆ ಒರಗಿದರೆ ಹಿಡಿದವನು ಉಳಿಯಲಾರ. ಕಂಬ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಒಬ್ಬರೇ ಈ ಕೆಲಸಕ್ಕೆ ಕೈಹಾಕಬಾರದು, ಗಾಳಿಯ ದಿನವಂತೂ ಬೇಡವೇ ಬೇಡ. ಕಂಬದಿಂದ ದಪ್ಪ ತಾಮ್ರದ ತಂತಿಯನ್ನು ನೆಲದಲ್ಲಿ ಹೂತ ಅರ್ತಿಂಗಿಗೆ ಸೇರಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಕಾಣಿಸಿಕೊಂಡ ಕೂಡಲೇ ಕೇಬಲನ್ನು ಪೆಟ್ಟಿಗೆಯಿಂದ ಬಿಚ್ಚಿ, ಕಿಟಕಿಯ ಹೊರಗೆ ಬಿಡಬೇಕು. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟಬಾರದು. ಮೇಲಿನ ಕೀಲಿಗೆ ನೀರು ಇಳಿಯದಂತೆ ರಬ್ಬರಿನ ಪಟ್ಟಿ ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲನ್ನು ಒಂದಿಷ್ಟು ಜೋತುಬಿಟ್ಟರೆ ಮಳೆಯ ನೀರು ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಬರುವುದಿಲ್ಲ.