ಅಳಿದುಳಿದವರು ಕಟ್ಟಿದ ಖ್ಮೇರ್ ನೃತ್ಯ

ಕಾಂಬೋಡಿಯಾದ ರಾಜಾಸ್ಥಾನದ ಶಾಸ್ತ್ರೀಯ ನೃತ್ಯವು ನಾಲ್ಕು ವರ್ಷಗಳೊಳಗೆ ಬಹುಪಾಲು ನಾಶವಾಗಿ, ಬದುಕುಳಿದ ಕೆಲವೇ ಗುರುಗಳ ನೆನಪಿನಿಂದ ಮತ್ತೆ ಚಿಗುರಿದ ಕಲೆ. ಈ ನೃತ್ಯದಲ್ಲಿ ಸ್ತ್ರೀ, ಪುರುಷ, ರಾಕ್ಷಸ ಮತ್ತು ಕಪಿ ಎಂಬ ನಾಲ್ಕು ಪಾತ್ರವರ್ಗಗಳಿದ್ದು, ಪ್ರತಿ ವಿದ್ಯಾರ್ಥಿಯನ್ನೂ ಎಳವೆಯಲ್ಲಿಯೇ ಮೈಕಟ್ಟು ನೋಡಿ ಒಂದು ವರ್ಗಕ್ಕೆ ಆರಿಸಿ, ಸಾಮಾನ್ಯವಾಗಿ ಅದರಲ್ಲಿಯೇ ಪಳಗಿಸಲಾಗುತ್ತದೆ. ಖ್ಮೇರ್ ಭಾಷೆಯಲ್ಲಿ 'ಕ್ಬಾಚ್' ಎನ್ನಲಾಗುವ ಹಸ್ತಮುದ್ರೆಗಳು ಎಲೆ, ಹೂ, ಕಾಯಿಗಳನ್ನು ಸೂಚಿಸುತ್ತವೆ. ಇವುಗಳಿಗೆ ಬೇಕಾದಂತೆ ಬೆರಳುಗಳು ಹಿಂದಕ್ಕೆ ಬಿಲ್ಲಿನಂತೆ ಬಾಗಬೇಕಾದುದರಿಂದ, ಮೂಳೆ ಎಳೆಯದಾಗಿರುವಾಗಲೇ ಗುರು ದಿನವೂ ಮಕ್ಕಳ ಬೆರಳುಗಳನ್ನು ಒತ್ತಿ ಬಾಗಿಸುತ್ತಾರೆ. ಕಥಾವಸ್ತು ಹೆಚ್ಚಾಗಿ 'ರಿಯಾಮ್‌ಕೇರ್' ಎಂಬ ಖ್ಮೇರ್ ರಾಮಾಯಣದಿಂದ ಬರುತ್ತದೆ. ಸೇತುವೆ ಕಟ್ಟುವ ಸಂದರ್ಭದಲ್ಲಿ ಹನುಮಂತನು ರಾವಣನ ಮಗಳಾದ ಚಿನ್ನದ ಮತ್ಸ್ಯಕನ್ಯೆಗೆ ಮನಸೋಲುವ ಅದರ ಪ್ರಸಂಗವು, ಬ್ರಹ್ಮಚಾರಿ ಹನುಮಂತನನ್ನೇ ಬಲ್ಲ ಕನ್ನಡ ಓದುಗರಿಗೆ ಅಚ್ಚರಿ ತರಬಹುದು.

1975ರ ಏಪ್ರಿಲ್ 17ರಂದು ರಾಜಧಾನಿ ನೋಮ್ ಪೆನ್ ಪೋಲ್ ಪಾಟ್ ನೇತೃತ್ವದ ಖ್ಮೇರ್ ರೂಜ್ ಪಡೆಗಳ ವಶವಾಯಿತು. ನಗರವಾಸಿಗಳೆಲ್ಲರನ್ನೂ ಹೊಲಗದ್ದೆಗಳ ದುಡಿಮೆಗೆ ಅಟ್ಟಿದ ಆ ಆಡಳಿತದಲ್ಲಿ ಕೊಲೆ, ಹಸಿವು ಮತ್ತು ರೋಗಗಳಿಂದ ಸುಮಾರು 17 ಲಕ್ಷ ಜನರು ಸತ್ತರೆಂಬ ಅಂದಾಜಿದೆ. ಅರಮನೆಯ ನೃತ್ಯವು ರಾಜಪ್ರಭುತ್ವದ ಗುರುತಾಗಿದ್ದುದರಿಂದ ನರ್ತಕರು ತಮ್ಮ ಹಿನ್ನೆಲೆಯನ್ನು ಮುಚ್ಚಿಟ್ಟು ಬದುಕಬೇಕಾಯಿತು. ಹಾಗಿದ್ದೂ ಶಾಸ್ತ್ರೀಯ ಕಲಾವಿದರಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂದಿ ಉಳಿಯಲಿಲ್ಲವೆಂದು ಹೇಳಲಾಗುತ್ತದೆ. ಗುರುವಿನ ಮೈಯಿಂದ ಶಿಷ್ಯರ ಮೈಗೆ ದಾಟಿ ಬರುವ ವಿದ್ಯೆಯಲ್ಲಿ ಒಬ್ಬ ಗುರುವಿನ ಸಾವೆಂದರೆ ಆ ಗುರುವೊಬ್ಬರಿಗೇ ಗೊತ್ತಿದ್ದ ನೃತ್ಯಗಳೂ ಇಲ್ಲವಾದಂತೆ.

1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆಯು ಖ್ಮೇರ್ ರೂಜ್ ಆಡಳಿತವನ್ನು ಉರುಳಿಸಿದ ಬಳಿಕ ಅಳಿದುಳಿದ ಕಲಾವಿದರು ರಾಜಧಾನಿಗೆ ಮರಳತೊಡಗಿದರು. ಅವರಲ್ಲಿ ಹಿರಿಯರಾದ ಚಿಯಾ ಸಾಮಿ ಚಿಕ್ಕಂದಿನಲ್ಲಿಯೇ ಅರಮನೆ ಸೇರಿ ನೃತ್ಯ ಕಲಿತವರು, ಮತ್ತು ಪೋಲ್ ಪಾಟ್‌ನ ಸ್ವಂತ ಅತ್ತಿಗೆ. ಸಾಲೋತ್ ಸಾರ್ ಎಂಬ ಹುಟ್ಟುಹೆಸರಿನ ಆತ ಬಾಲ್ಯದಲ್ಲಿ ಇದೇ ಅಣ್ಣ-ಅತ್ತಿಗೆಯರ ಮನೆಯಲ್ಲಿದ್ದು ಓದಿದವನು. ಹಳ್ಳಿಯಲ್ಲಿ ಕೂಲಿಯವರಂತೆ ದುಡಿಯುತ್ತಿದ್ದ ಚಿಯಾ ಸಾಮಿಯವರಿಗೆ, ದೇಶವನ್ನು ಆಳುತ್ತಿರುವವನು ತಮ್ಮ ಮೈದುನನೇ ಎಂಬುದು ತಿಳಿದದ್ದು ಆತನ ಭಾವಚಿತ್ರವನ್ನು ಕಂಡ ಮೇಲೆಯೇ. ಅರಮನೆಯ ನೃತ್ಯದ ಆಶ್ರಯದಲ್ಲಿ ಬೆಳೆದವನ ಆಳ್ವಿಕೆಯಲ್ಲಿಯೇ ಆ ನೃತ್ಯ ಮಣ್ಣುಪಾಲಾದುದು ಈ ಚರಿತ್ರೆಯ ಅತ್ಯಂತ ನೋವಿನ ಸಂಗತಿ.

1980ರ ದಶಕದ ಆರಂಭದಲ್ಲಿ ಲಲಿತಕಲಾ ಶಾಲೆಯು ಮತ್ತೆ ತೆರೆದಾಗ ಚಿಯಾ ಸಾಮಿ ಅದರ ಪ್ರಮುಖ ಗುರುವಾದರು. ಒಬ್ಬರಿಗೆ ಹೆಜ್ಜೆಗಳು ನೆನಪಿದ್ದರೆ, ಇನ್ನೊಬ್ಬರಿಗೆ ಹಾಡು, ಮತ್ತೊಬ್ಬರಿಗೆ ವಾದ್ಯಮೇಳದ ತಾಳ ನೆನಪಿತ್ತು. ಹೀಗೆ ಚೂರುಚೂರಾಗಿ ಉಳಿದದ್ದನ್ನು ಜೋಡಿಸುತ್ತಾ, ಒಬ್ಬರ ನೆನಪನ್ನು ಇನ್ನೊಬ್ಬರ ನೆನಪಿನಿಂದ ತಿದ್ದುತ್ತಾ ಅವರು ನೃತ್ಯಗಳನ್ನು ಪುನಃ ಕಟ್ಟಿದರು. ಅರಮನೆಯ ಗಾಯಕಿಯೂ ನರ್ತಕಿಯೂ ಆಗಿದ್ದ ಎಮ್ ಥಿಯೇ ಅವರ ಹಾಡುಗಳ ಭಂಡಾರ, ಕಪಿಪಾತ್ರದಲ್ಲಿ ಪಳಗಿದ್ದ ಪ್ರಿಯೂಂಗ್ ಚಿಯೆಂಗ್ ಅವರ ಅನುಭವ ಈ ಕೆಲಸಕ್ಕೆ ಒದಗಿಬಂದವು. ಶಿಷ್ಯರಲ್ಲಿ ಬಹಳ ಮಂದಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಾಗಿದ್ದರು. ಅದೇ ವರ್ಷಗಳಲ್ಲಿ ಥಾಯ್ಲೆಂಡಿನ ಗಡಿಯ ನಿರಾಶ್ರಿತರ ಶಿಬಿರಗಳಲ್ಲಿಯೂ ನೃತ್ಯಪಾಠ ನಡೆಯುತ್ತಿತ್ತು; ರಾಜಕೀಯವಾಗಿ ಪರಸ್ಪರ ವಿರೋಧಿಗಳಾದ ಎರಡು ಬಣಗಳು ಗಡಿಯ ಆಚೆಈಚೆ ಒಂದೇ ನೃತ್ಯವನ್ನು ತಮ್ಮದೆಂದು ಉಳಿಸಿಕೊಳ್ಳುತ್ತಿದ್ದವು.

ಪುನರುಜ್ಜೀವನದ ದಾರಿ ನೇರವಾಗಿರಲಿಲ್ಲ. ರಾಜಧಾನಿಯ ರಾಷ್ಟ್ರೀಯ ರಂಗಮಂದಿರವು 1994ರಲ್ಲಿ ಬೆಂಕಿಗೆ ಆಹುತಿಯಾಯಿತು. ಚಿಯಾ ಸಾಮಿ ತೀರಿಕೊಂಡದ್ದೂ ಅದೇ ವರ್ಷ. ಸ್ವತಃ ಹೆಸರಾಂತ ನರ್ತಕಿಯಾದ ರಾಜಕುಮಾರಿ ಬುಪ್ಪಾ ದೇವಿ ಸಂಸ್ಕೃತಿ ಸಚಿವೆಯಾಗಿದ್ದಾಗ, 2003ರಲ್ಲಿ, ಯುನೆಸ್ಕೋ ಈ ನೃತ್ಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು.

ಉಳಿದದ್ದನ್ನು ಇದ್ದ ಹಾಗೆಯೇ ಕಾಪಾಡಬೇಕೇ ಅಥವಾ ಹೊಸತನ್ನು ಕಟ್ಟಬಹುದೇ ಎಂಬ ಚರ್ಚೆ ಇಂದಿಗೂ ಜೀವಂತವಾಗಿದೆ. ಯುದ್ಧಾನಂತರ ಲಲಿತಕಲಾ ಶಾಲೆಯಿಂದ ಹೊರಬಂದ ಮೊದಲ ತಲೆಮಾರಿನ ಸೋಫಿಲಿನ್ ಚಿಯಾಮ್ ಶಪಿರೋ ಶೇಕ್ಸ್‌ಪಿಯರನ 'ಒಥೆಲೊ'ವನ್ನು ಈ ಶೈಲಿಗೆ ಅಳವಡಿಸಿ 'ಸಮ್ರಿತೆಚಾಕ್' ಎಂಬ ಪ್ರಯೋಗವನ್ನು ರೂಪಿಸಿದ್ದಾರೆ. ಗುರುಗಳು ಪ್ರಾಣ ಒತ್ತೆಯಿಟ್ಟು ಉಳಿಸಿದ್ದನ್ನು ಬದಲಿಸಬಾರದೆಂಬ ಆತಂಕ ಅರ್ಥವಾಗುವಂಥದೇ. ಆದರೆ ಅತ್ಯಂತ ಪ್ರಾಚೀನವೆಂದು ಪ್ರವಾಸಿಗರು ನಂಬುವ ಅಪ್ಸರಾ ನೃತ್ಯವನ್ನೇ ಅಂಕೋರ್ ಶಿಲ್ಪಗಳ ಸ್ಫೂರ್ತಿಯಿಂದ ರಾಣಿ ಕೊಸ್ಸಮಕ್ 20ನೇ ಶತಮಾನದ ಮಧ್ಯಭಾಗದಲ್ಲಿ ಸಂಯೋಜಿಸಿದರು, ಅದರ ಮೊದಲ ಪ್ರಧಾನ ಅಪ್ಸರೆಯಾಗಿ ಕುಣಿದವರು ಅವರ ಮೊಮ್ಮಗಳು ಬುಪ್ಪಾ ದೇವಿ. ಹೆಂಗಸರೇ ಆಡುತ್ತಿದ್ದ ಕಪಿಪಾತ್ರಗಳಿಗೆ ಗಂಡಸರನ್ನು ತಂದದ್ದೂ ಆ ರಾಣಿಯೇ. ಆದ್ದರಿಂದ ಹೊಸ ಸಂಯೋಜನೆಗಳನ್ನು ಪರಂಪರೆಗೆ ಬಗೆದ ದ್ರೋಹವೆನ್ನಲು ಆಧಾರವಿಲ್ಲ. ಬೆರಳು ಬಾಗಿಸುವ ಆ ದೈನಂದಿನ ಪಾಠವನ್ನು ಕೊಡಬಲ್ಲ ಗುರುಗಳು ಪ್ರತಿ ತಲೆಮಾರಿನಲ್ಲಿಯೂ ಸಿದ್ಧರಾಗುವುದೇ ಅದಕ್ಕಿಂತ ತುರ್ತಿನ ವಿಷಯ.